ನೂರಾ ತೊಂಬತ್ತೆರಡು ಮಾತು

ರೈಲು ನಿಲ್ದಾಣದ ಮೈಕಿನ ಮುಂದೆ ಇಪ್ಪತ್ತಾರು ವರ್ಷ ಕೂತವನಿಗೆ ಜನ ಮೈಕಣ್ಣ ಅಂತ ಹೆಸರಿಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಯಾವ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂಗೆ, ಯಾವುದು ತಡ, ಯಾವುದು ರದ್ದು, ಎಲ್ಲ ಅವನ ಬಾಯಿಂದಲೇ ಊರಿಗೆ ಗೊತ್ತಾಗಬೇಕು. ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಅಂಗಡಿಯ ಸಾಲಿನಲ್ಲಿ ನಿಂತು "ಒಂದು ಸೋಪು ಕೊಡಿ" ಅಂದರೆ ಸಾಕು, ಮುಂದಿದ್ದವರು ಗಕ್ಕನೆ ಚೀಲ ಎತ್ತಿಕೊಳ್ಳುತ್ತಿದ್ದರು, ಗಾಡಿ ಬಂದೇಬಿಟ್ಟಿತು ಅನ್ನುವ ಹಾಗೆ.

ಅಂಥವನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಗಿಡ್ಡಗಿನ ಹೆಂಗಸು. ಮಾತಿಗೆ ಸಕ್ಕರೆ ಸವರುವ ಅಭ್ಯಾಸ ಆಕೆಗಿರಲಿಲ್ಲ.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ತೆಗೆದರೆ ನೀವು ಉಳೀತೀರಿ, ಮಾತು ಉಳಿಯಲ್ಲ."

"ಯಾವತ್ತು?"

"ಇವತ್ತಿಗೆ ಹತ್ತೊಂಬತ್ತನೇ ದಿನ. ಅಲ್ಲೀತನಕ ದಿನಕ್ಕೆ ಅರ್ಧ ಗಂಟೆ ಮಾತಾಡಿ, ಒಂದು ನಿಮಿಷ ಮೇಲೆ ಬೇಡ. ರಕ್ತ ಬಂತು ಅಂದ್ರೆ ಮಾರನೇ ದಿನವೇ ಕತ್ತರಿ ಹಿಡೀಬೇಕಾಗುತ್ತೆ."

"ಆಮೇಲೆ?"

"ದಾರಿಗಳಿವೆ. ಗಂಟಲಿಗೆ ಒತ್ತಿ ಹಿಡ್ಕೊಂಡು ಮಾತಾಡೋ ಯಂತ್ರ ಬರುತ್ತೆ. ಆದ್ರೆ ನಿಮ್ಮ ಗಾಯ ಅಷ್ಟು ಮಾಯೋಕೆ ತಿಂಗಳುಗಟ್ಟಲೆ ಬೇಕು. ಸದ್ಯಕ್ಕೆ ಫೋನಲ್ಲಿ ಬರೀರಿ, ಅದೇ ಓದಿ ಹೇಳುತ್ತೆ."

ಮೈಕಣ್ಣ ಅಲ್ಲಿಂದ ಸೀದಾ ಹೆಂಡತಿಯ ಅಂಗಡಿಗೆ ಹೋದ. ಹೆಂಡತಿಯದು ಬೀಗ ರಿಪೇರಿ, ಕೀಲಿಕೈ ಮಾಡುವ ಕೆಲಸ. ಮೆಟ್ಟಿಲಿನ ಕೆಳಗಿನ ಗೂಡಿನಂಥ ಜಾಗ, ಗೋಡೆ ತುಂಬ ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಕೀಲಿಗಳು. ಬೀದಿಯವರೆಲ್ಲ ಅವಳನ್ನು ಬೀಗದಕ್ಕ ಅನ್ನುತ್ತಿದ್ದರು. ಅವನು ಹೇಳುವಷ್ಟು ಹೊತ್ತೂ ಅವಳು ಕೀಲಿ ಉಜ್ಜುವುದನ್ನು ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೆ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಲ್ಲುಗಳೆಲ್ಲ ಸವೆದು ಹೋಗಿದ್ದವು. ಅದನ್ನು ಡಬ್ಬಿಗೆ ಎಸೆದು ಹೊಸದೊಂದು ತೆಗೆದುಕೊಂಡಳು.

"ಪ್ರಾಣ ಉಳಿಯುತ್ತಲ್ಲ," ಅಂದಳು. "ಮಿಕ್ಕಿದ್ದಕ್ಕೆ ಏನು ಮಾಡೋದು ಅಂತ ಕೂತು ಯೋಚ್ನೆ ಮಾಡೋಣ."

ಆ ಸಂಜೆಯೇ ಊಟದ ಮೇಜಿನಲ್ಲಿ ಫೋನನ್ನು ಪರೀಕ್ಷೆ ಮಾಡಿದರು. ಮೈಕಣ್ಣನ ಅಮ್ಮನಿಗೆ ಎಂಬತ್ತೊಂದು. ಕಿವಿ ಬಹಳ ಮಂದ. ಬೇರೆಯವರು ಮಾತಾಡಿದರೆ ಬರೀ ತುಟಿ ಕುಣಿದ ಹಾಗೆ ಕಾಣುತ್ತೆ, ನನ್ನ ಮಗ ಮಾತಾಡಿದ್ದು ಮಾತ್ರ ಕೇಳುತ್ತೆ ಅಂತ ಅವಳೇ ಹೇಳುತ್ತಿದ್ದಳು. ಮೈಕಣ್ಣ ತಲೆ ಬಗ್ಗಿಸಿ, ಒಂದೇ ಬೆರಳಲ್ಲಿ 'ಅಮ್ಮ ಇನ್ನು ಸ್ವಲ್ಪ ಬಡಿಸಲಾ' ಅಂತ ಕುಟ್ಟಿ ತಲೆ ಎತ್ತಿದರೆ ಅಮ್ಮ ಕೈ ತೊಳೆಯಲು ಎದ್ದು ಹೋಗಿಯಾಗಿತ್ತು. ಫೋನು ಯಾರೋ ಅಪರಿಚಿತನ ಗಂಟಲಲ್ಲಿ ಆ ಮಾತನ್ನು ಖಾಲಿ ಕುರ್ಚಿಗೆ ಹೇಳಿತು.

"ಬ್ಯಾಂಕಿನವನು ಬಂದು ಬಡಿಸ್ತಾ ಇರೋ ಹಾಗಿದೆ," ಅಂದಳು ಬೀಗದಕ್ಕ.

ಮಾರನೇ ದಿನ ಮೈಕಣ್ಣ ನಿಲ್ದಾಣಕ್ಕೆ ಹೋಗಿ ತನ್ನ ಡ್ರಾಯರ್ ಖಾಲಿ ಮಾಡಿದ. ಟಿಫಿನ್ ಡಬ್ಬಿ, ಒಂದು ಸ್ವೆಟರು, ಕೆಮ್ಮಿನ ಮಾತ್ರೆಯ ಚೀಟಿಗಳು. ಅವುಗಳ ಅಡಿಯಲ್ಲಿ ಅಂಗೈಯಗಲದ ಗೇಮ್ ಯಂತ್ರ. ಪುಸ್ತಕದ ಹಾಗೆ ತೆರೆಯುವ ಮುಚ್ಚಳ, ಎರಡು ಪರದೆ, ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿ, ಬಲಕ್ಕೆ ನಾಲ್ಕು ಗುಂಡಿ, ಮೇಲಂಚಿನ ಹೆಗಲುಗಳ ಮೇಲೆ ಎರಡು. ಎರಡು ಗಾಡಿಗಳ ನಡುವೆ ಬಿಡುವಾದಾಗೆಲ್ಲ ಅವನು ಅದರಲ್ಲಿ ಇಟ್ಟಿಗೆ ಜೋಡಿಸುವ ಆಟ ಆಡುತ್ತಿದ್ದ. ಹನ್ನೊಂದು ವರ್ಷದಿಂದ ಆಡುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅಭ್ಯಾಸಬಲದಿಂದ ಅದನ್ನು ತೆರೆದ. ಪಕ್ಕದ ಸೀಟಿನ ಅಜ್ಜ ಮಾತಿಗೆಳೆದ. ಅಜ್ಜನ ಮುಖ ನೋಡಿಕೊಂಡೇ ಹೂಂಗುಟ್ಟುತ್ತಿದ್ದ ಮೈಕಣ್ಣ, ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ನೋಡಿದರೆ ಮೂರು ಸಾಲು ಇಟ್ಟಿಗೆ ತಾನೇ ತಾನಾಗಿ ಜೋಡಣೆಯಾಗಿತ್ತು.

ಕಣ್ಣು ಎದುರಿನವರ ಮುಖದ ಮೇಲೆ, ಬೆರಳು ಗುಂಡಿಯ ಮೇಲೆ. ಫೋನಿನ ನುಣುಪು ಗಾಜಿನ ಮೇಲೆ ಇದು ಆಗದ ಮಾತು. ಗುಂಡಿ ಒತ್ತಿದರೆ ಇಟ್ಟಿಗೆ ಬೀಳುವ ಬದಲು ನನ್ನ ಮಾತು ಬಂದರೆ? ನನ್ನದೇ ದನಿಯಲ್ಲಿ? ಅವನು ತನ್ನ ಬಸ್ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತು ಮುಂದಿನದರಲ್ಲಿ ಇಳಿದ.

ತೊಡಕು ಏನೆಂದರೆ, ಆ ಯಂತ್ರ ಅದನ್ನು ಮಾಡಿದ ಕಂಪನಿಯ ಆಟಗಳನ್ನು ಬಿಟ್ಟು ಬೇರೆ ಏನನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಜಗತ್ತಿನಲ್ಲಿ ಇಂಥ ಯಂತ್ರಗಳಿಗೆ ಮನೆಯಲ್ಲೇ ಪ್ರೋಗ್ರಾಂ ಬರೆದು ಓಡಿಸುವ ಹವ್ಯಾಸದ ಜನ ಬೇಕಾದಷ್ಟಿದ್ದಾರೆ ಅಂತ ಲ್ಯಾಪ್‌ಟಾಪ್ ತೆರೆದು ಎರಡು ದಿನ ಹುಡುಕಿದ ಮೇಲೆ ಅವನಿಗೆ ಗೊತ್ತಾಯಿತು. ಗಡಿಯಾರ, ನಕ್ಷೆ, ಪಿಯಾನೋ, ಏನೇನೋ ಮಾಡಿ ಹಂಚಿದ್ದರು. ಹೇಗೆ ಮಾಡಬೇಕು ಅಂತಲೂ ಬರೆದಿದ್ದರು. ಅವನಿಗೆ ಒಂದೇ ಅಳುಕು.

"ಇದು ಕಳ್ಳತನ ಆಗುತ್ತೇನೇ?" ಅಂತ ಹೆಂಡತಿಯನ್ನು ಕೇಳಿದ. ಆ ದಿನದ ಅರ್ಧ ಗಂಟೆಯಲ್ಲಿ ಅದಕ್ಕೆ ಎರಡು ಸೆಕೆಂಡು ಖರ್ಚಾಯಿತು.

"ಯಂತ್ರ ಯಾರ್ದು?"

ಅವನು ತನ್ನ ಎದೆ ಮುಟ್ಟಿಕೊಂಡ.

"ಬೇರೆಯವರ ಆಟ ಕದ್ದು ಹಾಕ್ತಿದ್ದೀರಾ?"

ಇಲ್ಲವೆಂದು ತಲೆಯಾಡಿಸಿದ.

"ಮತ್ತೆ? ದಿನಕ್ಕೆ ಮೂರು ಜನ ಬರ್ತಾರೆ ನನ್ನತ್ರ, ಅವರವರ ಮನೆ ಬಾಗಿಲು ತೆಗೆಸ್ಕೊಳ್ಳೋಕೆ. ಸ್ವಂತ ಮನೆಗೆ ಒಳಗೆ ಹೋಗೋಕೆ ಪಕ್ಕದ್ಮನೆಯವರ ಅಪ್ಪಣೆ ಬೇಕಾ? ಬೀಗ ಎಲ್ಲಿದೆ, ತೋರ್ಸಿ."

ಅವನು ತೋರಿಸಿದ. ಈ ಮಾದರಿಯ ಯಂತ್ರದಲ್ಲಿ ಫೋಟೋ ತೆಗೆಯುವ ಸೌಲಭ್ಯವಿತ್ತು. ಮೆಮೊರಿ ಕಾರ್ಡಿನಲ್ಲಿ ಫೋಟೋಗಳಿರುವ ಜಾಗಕ್ಕೆ, ಬೇಕೆಂದೇ ವಕ್ರವಾಗಿ ಬರೆದ ಒಂದು ಫೈಲನ್ನು ಇಟ್ಟು ಆಲ್ಬಂ ತೆರೆದರೆ ಯಂತ್ರ ಎಡವುತ್ತೆ. ಎಡವಿದ ಆ ಕ್ಷಣದಲ್ಲಿ ನಮ್ಮ ಪ್ರೋಗ್ರಾಂ ಒಳಗೆ ನುಗ್ಗುತ್ತೆ.

"ಬಾಗಿಲಿಗೆ ದೊಡ್ಡ ಬೀಗ, ಕಿಟಕಿಗೆ ಚಿಲಕವೇ ಇಲ್ಲ," ಅಂತ ಬೀಗದಕ್ಕ ನಕ್ಕಳು. "ಎಲ್ಲಾ ಮನೇಲೂ ಇದೇ ಕಥೆ."

ನಾಲ್ಕನೇ ದಿನ ಮಧ್ಯಾಹ್ನ ಪರದೆ ಒಮ್ಮೆ ಕೆನ್ನೀಲಿಗೆ ತಿರುಗಿ, ಆ ಹವ್ಯಾಸಿಗಳು ಕೊಟ್ಟ ಕಲಿಕೆಯ ಉದಾಹರಣೆಯೊಂದು ತೆರೆದುಕೊಂಡಿತು. ಗುಂಡಿ ಒತ್ತಿದರೆ ಒಂದು ಸದ್ದು ಬರುವ ಪ್ರೋಗ್ರಾಂ ಅದು. ಮೈಕಣ್ಣ ಒತ್ತಿದ. ಮನೆ ನಡುಗುವ ಹಾಗೆ ಸೈರನ್ ಹೊಡೆಯಿತು. ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಡತಿ ಒದ್ದೆ ಬಟ್ಟೆಯ ಸಮೇತ ಓಡಿಬಂದಳು. ಅಮ್ಮ ಮಾತ್ರ ಏನೂ ಆಗದವಳ ಹಾಗೆ ಕಿಟಕಿಯ ಪಕ್ಕ ಕೂತು ಹೊಲಿಗೆ ಬಿಚ್ಚುತ್ತಿದ್ದಳು.

ಪ್ರೋಗ್ರಾಂ ಬರೆದವನಲ್ಲ ಅವನು. ಆದರೆ ನಿಲ್ದಾಣದ ಗಾಡಿಪಟ್ಟಿಯಲ್ಲಿ ಸಾವಿರ ಸಾಲಿನ ನಡುವೆ ಒಂದು ಚುಕ್ಕಿ ಆಚೀಚೆ ಆದರೂ ಹಿಡಿಯುತ್ತಿದ್ದ ಕಣ್ಣು ಅವನದು. ಉದಾಹರಣೆಯನ್ನು ಸಾಲುಸಾಲಾಗಿ ಓದಿದ. ಅರ್ಥವಾದದ್ದನ್ನು ಇಟ್ಟುಕೊಂಡ, ಆಗದ್ದನ್ನು ಮುಟ್ಟಲಿಲ್ಲ. ಸೈರನ್ ತೆಗೆದು, ತಾನು ರೆಕಾರ್ಡ್ ಮಾಡಿದ 'ಹೌದು' ಹಾಕಿದ. ಐದನೇ ದಿನ ಬೆಳಿಗ್ಗೆ ಆ ಪುಟಾಣಿ ಯಂತ್ರ "ಹೌದು" ಅಂದಿತು. ಮೈಕಣ್ಣನಿಗೆ ರೆಕ್ಕೆ ಬಂದ ಹಾಗಾಯಿತು.

ರೆಕ್ಕೆ ಬಂದದ್ದೇ ತಪ್ಪಾಯಿತು. ಪ್ರತಿಸಲ ಆಲ್ಬಂ ತೆರೆದು ಎಡವಿಸುವ ತಾಪತ್ರಯ ಯಾಕೆ, ಯಂತ್ರ ಚಾಲೂ ಮಾಡಿದ ಕೂಡಲೇ ಪ್ರೋಗ್ರಾಂ ಬರಲಿ ಅಂತ ಒಳಗಿನ ಮೆಮೊರಿಗೇ ಕೈ ಹಾಕಿದ. ಬ್ಯಾಟರಿ ಪೂರ್ತಿ ತುಂಬಿಸದೆ ಮುಟ್ಟಬೇಡಿ ಅಂತ ಕೆಂಪಕ್ಷರದಲ್ಲಿ ಬರೆದಿದ್ದರು. ಅವನು ಓದಿಯೂ ಮುಟ್ಟಿದ. ಅರ್ಧದಲ್ಲಿ ಬ್ಯಾಟರಿ ಕೈಕೊಟ್ಟಿತು. ಆಮೇಲೆ ಜಪ್ಪಯ್ಯ ಅಂದರೂ ಯಂತ್ರ ಕಣ್ಣು ಬಿಡಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಮ್ಮ ಅವನ ಚಿಕ್ಕಂದಿನಲ್ಲಿ ಸಾವಿರ ಸಲ ಅಂದಿದ್ದಳು. ಈ ಸಲ ಅವನೇ ಅಂದುಕೊಂಡ. ಹನ್ನೊಂದು ವರ್ಷ ಕೈಯಲ್ಲಿದ್ದದ್ದು ಒಂದು ಮುರುಕು ಹೆಂಚಿನ ಹಾಗೆ ಮೇಜಿನ ಮೇಲೆ ಬಿದ್ದಿತ್ತು.

ಆ ದಿನವಿಡೀ ಅವನು ಮಾತಾಡಲಿಲ್ಲ. ಅರ್ಧ ಗಂಟೆ ಹಾಗೇ ಉಳಿಯಿತು. ಉಳಿದದ್ದನ್ನು ನಾಳೆಗೆ ಕೂಡಿಡುವ ಹಾಗಿರಲಿಲ್ಲ.

ಮಾರನೇ ಬೆಳಿಗ್ಗೆ ಅವನು ಹಳೇ ಸಾಮಾನಿನ ಬೀದಿಗೆ ಹೋದ. ಅದೇ ಮಾದರಿ ಬೇಕು, ಬೇರೆಯದಾದರೆ ಕಿಟಕಿಗೆ ಚಿಲಕವಿರುತ್ತೆ. ಆರು ಅಂಗಡಿಯವರು ಇಲ್ಲವೆಂದರು. ಏಳನೆಯವನು ಒಡೆದ ರಿಮೋಟುಗಳ ರಾಶಿಯೊಳಗಿಂದ ಒಂದನ್ನು ಎಳೆದು ತೆಗೆದ. ಮುಚ್ಚಳದ ಕೀಲು ಮುರಿದು ಎರಡು ಭಾಗವೂ ಬರೀ ತಂತಿಯ ಮೇಲೆ ಜೋತಾಡುತ್ತಿದ್ದವು.

"ಆನ್ ಆಗುತ್ತೆ ಸಾರ್, ಆದ್ರೆ ಹಿಡ್ಕೊಳ್ಳೋಕಾಗಲ್ಲ. ಬಿಡಿಭಾಗಕ್ಕೆ ಅಂತ ಇಟ್ಟಿದ್ದೆ."

ಕೀಲು ಅಂದರೆ ಬೀಗದಕ್ಕನ ರಾಜ್ಯ. ಅವಳು ಒಂದು ಸೂಟ್‌ಕೇಸಿನ ಬೀಗದಿಂದ ಹಿತ್ತಾಳೆಯ ಪಿನ್ನು ಕಿತ್ತು, ಅರಕ್ಕೆ ಉಜ್ಜಿ ಕೂದಲೆಳೆಯಷ್ಟು ತೆಳು ಮಾಡಿ ಒಳಗೆ ಕೂರಿಸಿದಳು. ಮುಚ್ಚಳ 'ಟಕ್' ಅಂತ ಮುಚ್ಚಿಕೊಂಡಿತು.

"ಇದನ್ನ ಕೆಡಿಸಿದ್ರೆ ಇನ್ನೊಂದಿಲ್ಲ," ಅಂದಳು. "ಆಲ್ಬಂನಿಂದಲೇ ನುಗ್ಗಿ. ಎರಡು ಗುಂಡಿ ಜಾಸ್ತಿ ಒತ್ತಿದ್ರೆ ಬೆರಳು ಸವೆಯಲ್ಲ."

ಮುಂದಿನ ಹತ್ತು ದಿನ ಮೈಕಣ್ಣ ನೌಕರಿಗೆ ಹೋಗುವವನ ಹಾಗೆ ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ತಲೆ ಬಾಚಿ ಲ್ಯಾಪ್‌ಟಾಪಿನ ಮುಂದೆ ಕೂತ. ಬಲಗಡೆಯ ನಾಲ್ಕು ಗುಂಡಿಗೆ ತುರ್ತಿನ ನಾಲ್ಕು ಮಾತು: ಹೌದು, ಇಲ್ಲ, ಬೇಕು, ಬೇಡ. ಮಿಕ್ಕ ಮಾತಿಗೆಲ್ಲ ಮೊದಲು ಒಂದು ದಿಕ್ಕು, ಆಮೇಲೆ ಎರಡು ಗುಂಡಿ. ಹೆಗಲ ಗುಂಡಿ ಹಿಡಿದರೆ ಇನ್ನೊಂದಿಷ್ಟು. ಆ ನಾಲ್ಕು ಬಿಟ್ಟು ಎಲ್ಲ ಕೂಡಿಸಿದರೆ ನೂರಾ ತೊಂಬತ್ತೆರಡು ಜಾಗ. ಐವತ್ತನಾಲ್ಕು ವರ್ಷ ನೀರು ಚೆಲ್ಲಿದ ಹಾಗೆ ಮಾತಾಡಿದವನು ಈಗ ನೂರಾ ತೊಂಬತ್ತೆರಡನ್ನು ಆರಿಸಬೇಕು.

ಮೊದಲ ಪದಗಳು ಸುಲಭವಾಗಿ ಬಂದವು: ನೀರು, ನೋವು, ಊಟ, ಬಾಗಿಲು, ಅಮ್ಮಾ, ಡಾಕ್ಟ್ರೇ, ಎಷ್ಟೊತ್ತಿಗೆ, ಯಾಕೆ. ಆಮೇಲೆ ಜಗಳ ಶುರುವಾಯಿತು. ಪಟ್ಟಿಯ ಮೇಲೆ ಬೀಗದಕ್ಕ ಪೆನ್ಸಿಲ್ ಆಡಿಸುತ್ತಿದ್ದಳು.

"'ನೋಡೋಣ' ಯಾಕೆ?"

"ಬೇಕಾಗುತ್ತೆ."

"ಇಪ್ಪತ್ತೈದು ವರ್ಷದಿಂದ ಏನು ಕೇಳಿದ್ರೂ 'ನೋಡೋಣ'. ಮನೆಗೆ ಬಣ್ಣ ಹೊಡ್ಸೋಣ್ವಾ, ನೋಡೋಣ. ನಿಮ್ಮ ತಂಗಿ ಮನೆಗೆ ಹೋಗೋಣ್ವಾ, ನೋಡೋಣ. ನೋಡ್ತಾ ನೋಡ್ತಾ ಬಣ್ಣ ಉದುರಿ ಗೋಡೆ ಕಾಣಿಸ್ತು. ಅದಕ್ಕೆ ಜಾಗ ಇಲ್ಲ." ಪೆನ್ಸಿಲ್ ಗೀಟು ಬಿತ್ತು.

ಹದಿನಾರನೇ ದಿನ ಮಧ್ಯಾಹ್ನ ನೂರಾ ತೊಂಬತ್ತೆರಡೂ ಯಂತ್ರದೊಳಗೆ ಕೂತಿದ್ದವು. ಮೈಕಣ್ಣ ಅದನ್ನು ಅಡುಗೆಮನೆಗೆ ಒಯ್ದು ಹೆಂಡತಿಯ ಮುಖ ನೋಡುತ್ತಲೇ ಗುಂಡಿ ಒತ್ತಿದ. "ಊಟ... ಆಯಿತಾ," ಅಂದಿತು ಯಂತ್ರ. ಮತ್ತೆ ಒತ್ತಿದ. "ಲೇ... ಬಾ ಇಲ್ಲಿ."

ಬೀಗದಕ್ಕ ಒಲೆ ಆರಿಸಿದಳು. ಇನ್ನೂ ನಾಲ್ಕು ಮಾತು ಕೇಳಿಸಿಕೊಂಡಳು.

"ಇವರು ಯಾರು?"

"ನಾನೇ."

"ಅಲ್ಲ. ಇವರು ಸ್ಟೇಷನ್ನಿನವರು. ಇವರನ್ನ ನಾನು ಮದುವೆ ಆಗಿಲ್ಲ ರೀ."

ಅವನಿಗೆ ಸಿಟ್ಟು ನೆತ್ತಿಗೇರಿತು. ಹತ್ತು ದಿನ ಗಂಟಲನ್ನು ಗುಟುಕು ಗುಟುಕಾಗಿ ಅಳೆದು ಸುರಿದಿದ್ದಾನೆ. ಇವಳು ಒಂದು ಮಾತಲ್ಲಿ ತಳ್ಳಿಹಾಕಿದಳಲ್ಲ. ಯಂತ್ರ ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತ. ಒಂದೊಂದಾಗಿ ಒತ್ತುತ್ತಾ ಹೋದ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವನಿಗೇ ಕೇಳಿಸಿತು. ಪ್ರತಿ ಪದದ ಕೊನೆ ತುಸು ಮೇಲೆದ್ದು, ಪ್ರತಿಧ್ವನಿಗೆ ಜಾಗ ಬಿಟ್ಟು ನಿಲ್ಲುತ್ತಿತ್ತು. 'ಅಮ್ಮಾ' ಕೂಡ ಹಾಗೇ, ಮೂರನೇ ಪ್ಲಾಟ್‌ಫಾರಂಗೆ ಬರುವ ಗಾಡಿಯ ಹಾಗೆ. ಮೈಕು ಕಂಡ ಕೂಡಲೇ ಅವನ ಗಂಟಲು ತಾನಾಗಿ ಟೈ ಕಟ್ಟಿಕೊಂಡುಬಿಡುತ್ತಿತ್ತು. ಇಪ್ಪತ್ತಾರು ವರ್ಷದ ಚಾಳಿ.

ಮೂರು ದಿನ ಉಳಿದಿತ್ತು. ದಿನಕ್ಕೆ ಅರ್ಧ ಗಂಟೆ. ಗಂಟಲು ಆಗಲೇ ಒಣಗಿದ ತೊಗಲಿನ ಹಾಗೆ ಕರಕರ ಅನ್ನುತ್ತಿತ್ತು. ಇದ್ದದ್ದನ್ನೇ ಇಟ್ಟುಕೊಂಡರೆ ಕೆಲಸ ನಡೆಯುತ್ತಿತ್ತು, ನೀರು ಕೇಳಿದರೆ ನೀರು ಸಿಗುತ್ತಿತ್ತು. ಅವನು ಎದ್ದು ಒಳಗೆ ಹೋಗಿ, ಹೆಂಡತಿಯ ಎದುರೇ ಆ ನೂರಾ ತೊಂಬತ್ತೆರಡೂ ರೆಕಾರ್ಡುಗಳನ್ನು ಅಳಿಸಿದ.

"ಅಯ್ಯೋ! ಅದನ್ನ ಬೇರೆ ಕಡೆ ಇಟ್ಕೋಬಾರ್ದಿತ್ತಾ?"

"ಇದ್ರೆ ಅದನ್ನೇ ನಂಬ್ಕೊಂಡು ಕೂರ್ತೀನಿ," ಅಂದ. "ನಾಳೆಯಿಂದ ಮತ್ತೆ."

ಮತ್ತೆ ಅಂದರೆ ಹೇಗೆ? ಮೈಕಿನ ಮುಂದೆ ಕೂತರೆ ಸ್ಟೇಷನ್ನಿನವನೇ ಬರುತ್ತಾನೆ. ಉಪಾಯ ಬೀಗದಕ್ಕನದು. ರೆಕಾರ್ಡ್ ಮಾಡುವ ಫೋನನ್ನು ಭುಜದ ಟವೆಲ್ಲಿನಲ್ಲಿ ಸುತ್ತಿಕೊಂಡು ಅವನ ಹಿಂದೆ ಮುಂದೆ ಓಡಾಡತೊಡಗಿದಳು. ಕಾದ ಪಾತ್ರೆಗೆ ಕೈ ಹಾಕುವವಳ ಹಾಗೆ ನಟಿಸಿದಳು; "ಏ ಹುಷಾರು, ಬಿಸಿ ಇದೆ!" ಅಂತ ಅವನು ಕೂಗಿದ. ಗಡಿಯಾರ ನೋಡುತ್ತಾ ಸುಮ್ಮನೆ ಕೂತಳು, "ಹೊರಡೋಣ್ವಾ?" ಅಂದ. ಅಂಗಡಿಯ ಕೀಲಿಯನ್ನೇ ಅಡಗಿಸಿಟ್ಟು "ಕಾಣ್ತಿಲ್ಲ ರೀ" ಅಂದಳು. "ಅಲ್ಲೇ ಇರುತ್ತೆ, ಸರಿಯಾಗಿ ನೋಡು" ಅಂದ. ಕೇಳಿ ತೆಗೆಯಲಾಗದ ಮಾತುಗಳನ್ನು ಕೆಣಕಿ ತೆಗೆದಳು.

"ನಿಮ್ಮ ತಂಗಿಗೆ ಒಂದು ಚೂರೂ ಬುದ್ಧಿ ಇಲ್ಲ."

"ಏ, ಸುಮ್ನಿರೇ ಸಾಕು!"

"ಸಿಕ್ತು. ನಲವತ್ತೇಳನೇದು."

ಹದಿನೇಳನೇ ದಿನ ಎಪ್ಪತ್ತು. ಹದಿನೆಂಟನೇ ದಿನ ಎಪ್ಪತ್ತೈದು. ಸಂಜೆಗೆ ಅವನು ಉಗುಳಿದ್ದರಲ್ಲಿ ಕೆಂಪು ನೂಲೊಂದು ಕಾಣಿಸಿತು. ಇಬ್ಬರೂ ಅದನ್ನು ನೋಡಿದರು.

"ಇಷ್ಟೇ ಸಾಕು," ಅಂದಳು ಅವಳು.

ಅವನು ಚೀಟಿಯಲ್ಲಿ ಬರೆದು ತೋರಿಸಿದ: 'ನಾಳೆ ಕೊನೇ ದಿನ. ನಲವತ್ತೇಳು ಉಳಿದಿದೆ. ಬಿಡಲ್ಲ.'

ಹತ್ತೊಂಬತ್ತನೇ ದಿನ ಮಧ್ಯಾಹ್ನ ಆಸ್ಪತ್ರೆ ಸೇರಬೇಕಿತ್ತು, ಕತ್ತರಿ ಸಂಜೆಗೆ. ಬೆಳಿಗ್ಗೆ ಅವನು ಪಿಸುಮಾತಿಗೂ ಮಾತಿಗೂ ನಡುವಿನ ಒಂದು ದನಿಯಲ್ಲಿ ಒಂದೊಂದನ್ನೇ ಮುಗಿಸುತ್ತಾ ಬಂದ. ಅಮ್ಮನ ಕೋಣೆಗೆ ಹೋಗಿ, ಅವಳು ಬೆನ್ನು ಮಾಡಿ ಕೂತಿದ್ದಾಗ "ಅಮ್ಮಾ" ಅಂತ ಕರೆದ. ದನಿ ನಡುವೆ ಸೀಳಿತು. ಅಮ್ಮ ತಿರುಗಿ ನೋಡಿದಳು. ಬೀಗದಕ್ಕ ಟವೆಲ್ಲಿನ ಕೆಳಗೆ ಕೈ ಹಾಕಿ ರೆಕಾರ್ಡ್ ನಿಲ್ಲಿಸಿದಳು. ಸೀಳಿದ್ದರೂ ಇನ್ನೊಮ್ಮೆ ಹೇಳಿಸಲಿಲ್ಲ.

ಕೊನೆಗೆ ಒಂದೇ ಜಾಗ ಉಳಿಯಿತು, ಪಟ್ಟಿಯಲ್ಲಿ ಪದವಿರಲಿಲ್ಲ. ಏನು ಹಾಕೋದು ಅಂತ ಇಬ್ಬರೂ ಮುಖಮುಖ ನೋಡಿದರು. ಅಷ್ಟರಲ್ಲಿ ಬೀಗದಕ್ಕ ಏನೋ ನೆನೆದು ಹೇಳಿದಳು. ಮದುವೆಯಾದ ಹೊಸದರಲ್ಲಿ ಮನೆಗೆ ಬಂದ ಅವಳ ಅಪ್ಪನನ್ನು ಇವನು ಬಾಗಿಲಲ್ಲಿ ನಿಂತು "ಪ್ರಯಾಣಿಕರು ಗಮನಿಸಬೇಕು" ಅಂತ ಸ್ವಾಗತಿಸಿದ್ದು, ಆ ಮುದುಕ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು ಹೂವಿನ ಕುಂಡದಲ್ಲಿ ಕಾಲಿಟ್ಟದ್ದು. ಮೈಕಣ್ಣನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ ನಿಂತಿತು.

"ಕೊನೇದಕ್ಕೆ ಈ ನಗುನೇ ಹಾಕೋಣ. ಕೆಮ್ಮಿದ್ದನ್ನ ಕತ್ತರಿಸ್ಬೇಕಾ?" ಅಂತ ರೆಕಾರ್ಡ್ ನಿಲ್ಲಿಸುತ್ತಾ ಕೇಳಿದಳು.

"ಇರಲಿ ಬಿಡು," ಅಂದ. ಆಮೇಲೆ ಅವನ ಬಾಯಿಂದ ಬಂದ ಮಾತುಗಳೆಲ್ಲ ಆಟೋದವನಿಗೂ ಆಸ್ಪತ್ರೆಯ ಗುಮಾಸ್ತನಿಗೂ ಹೇಳಿದವು.

ಎಚ್ಚರವಾದಾಗ ಕತ್ತಿನಲ್ಲಿ ಕೊಳವೆಯಿತ್ತು. ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು. ಅಭ್ಯಾಸದಂತೆ ಬಾಯಿ ತೆರೆದ. ಬರೀ ತುಟಿ ಆಡಿತು. ಗೊತ್ತಿದ್ದದ್ದೇ, ಆದರೂ ಕಣ್ಣು ತುಂಬಿಕೊಂಡಿತು. ಬೀಗದಕ್ಕ ಯಂತ್ರವನ್ನು ಅವನ ಕೈಗಿಟ್ಟಳು. ಮತ್ತಿನ ಮಂಪರಿನಲ್ಲಿ ಅವನು 'ನೋವು' ಅನ್ನುವ ಗುಂಡಿಗಳನ್ನು ಒಂದರ ಮೇಲೊಂದು ಒತ್ತಿದ. ಯಂತ್ರ "ನೋ ನೋ ನೋ ನೋ ನೋ" ಅನ್ನುತ್ತಾ ಜೇನುಹುಳದ ಹಾಗೆ ಗುಂಯ್‌ಗುಟ್ಟಿ ಅಲ್ಲೇ ಸಿಕ್ಕಿಕೊಂಡಿತು. ನರ್ಸು ಓಡಿಬಂದಳು. ಪಕ್ಕದ ಹಾಸಿಗೆಯ ರೋಗಿ ಗಡಬಡಿಸಿ ಎದ್ದು ಕೂತ. ಬೀಗದಕ್ಕ ಪವರ್ ಗುಂಡಿ ಅದುಮಿ ಹಿಡಿದು ಅದರ ಬಾಯಿ ಮುಚ್ಚಿಸಿದಳು.

ಮತ್ತೆ ಚಾಲೂ ಮಾಡಿದರು. ನಿಧಾನವಾಗಿ ಒತ್ತಿದರೆ ಸರಿ, ಅವಸರದಲ್ಲಿ ಒತ್ತಿದರೆ ಮತ್ತದೇ ಗುಂಯ್. ಮನೆಯಲ್ಲಿ ಅವನು ಯಾವಾಗಲೂ ಸಾವಧಾನವಾಗಿಯೇ ಒತ್ತಿ ನೋಡಿದ್ದ. ನೋವಿಗೆ ಸಾವಧಾನ ಎಲ್ಲಿಂದ ಬರಬೇಕು?

ಮೂರನೇ ದಿನ ಅವನು ಕೈಸನ್ನೆಯಲ್ಲಿ ಲ್ಯಾಪ್‌ಟಾಪ್ ಕೇಳಿದ.

"ಮೊದ್ಲು ಗಾಯ ಮಾಯಲಿ," ಅಂದಳು ಹೆಂಡತಿ.

ಅವನು ಗೇಮ್ ಯಂತ್ರ ತೆಗೆದುಕೊಂಡು, ಬಹಳ ನಿಧಾನವಾಗಿ ಒತ್ತಿದ: "ಏ, ಸುಮ್ನಿರೇ ಸಾಕು!"

ಅವಳು ಬಾಯಿ ಮುಚ್ಚಿಕೊಂಡು ಲ್ಯಾಪ್‌ಟಾಪ್ ತಂದುಕೊಟ್ಟಳು.

ಊಟದ ತಟ್ಟೆ ಇಡುವ ಮೇಜನ್ನು ಎದೆಯ ಮಟ್ಟಕ್ಕೆ ಎಳೆದುಕೊಂಡು, ಒಂದು ಕೈಗೆ ಸೂಜಿ ಚುಚ್ಚಿದ್ದಾಗಲೇ ಇನ್ನೊಂದರಲ್ಲಿ ಕುಟ್ಟುತ್ತಾ, ಅವನು ತಾನು ಬರೆದ ಸಾಲುಗಳನ್ನು ಮೊದಲಿಂದ ಓದಿದ. ಹತ್ತು ನಿಮಿಷ ಓದಿದರೆ ಅರ್ಧ ಗಂಟೆ ಕಣ್ಣು ಮುಚ್ಚಿ ಬಿದ್ದಿರಬೇಕು. ಆರನೇ ದಿನ ಹತ್ತು ಗಂಟೆಯ ಹೊತ್ತಿಗೆ ತಪ್ಪು ಸಿಕ್ಕಿತು. ಮೊದಲ ಮಾತು ಮುಗಿಯುವ ಮುಂಚೆಯೇ ಅದರ ಜಾಗವನ್ನು ಎರಡನೆಯದಕ್ಕೆ ಕೊಟ್ಟುಬಿಡುತ್ತಿದ್ದ, ಎದ್ದು ಹೋಗದವನ ತೊಡೆಯ ಮೇಲೆ ಇನ್ನೊಬ್ಬನನ್ನು ಕೂರಿಸಿದ ಹಾಗೆ. ಇಬ್ಬರು ಅನೌನ್ಸರುಗಳು ಒಂದೇ ಮೈಕಿಗೆ ಬಾಯಿ ಹಾಕಿದರೆ ಏನಾಗುತ್ತೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೊದಲಿನವನನ್ನು ಸುಮ್ಮನಾಗಿಸು, ಆಮೇಲೆ ಮುಂದಿನವನನ್ನು ಕರೆ. ಎರಡು ಸಾಲು ಸೇರಿಸಿದ, ಒಂದು ಸಾಲು ಕೆಳಗಿಳಿಸಿದ.

ಡಾಕ್ಟರಮ್ಮ ಹನ್ನೊಂದಕ್ಕೆ ಬಂದರು. ಚಾರ್ಟ್ ನೋಡುತ್ತಾ ಹೆಂಡತಿಯನ್ನು "ನೋವು ಹೇಗಿದೆಯಂತೆ?" ಅಂತ ಕೇಳಿದರು. ರೋಗಿ ಮಾತಾಡದವನಾದರೆ ಎಲ್ಲರೂ ಪಕ್ಕದವರನ್ನೇ ಕೇಳುತ್ತಾರೆ.

"ಡಾಕ್ಟ್ರೇ," ಅಂತು ಹಾಸಿಗೆ ಕಡೆಯಿಂದ ಒಂದು ಒಡಕು ದನಿ. ಡಾಕ್ಟರಮ್ಮ ತಲೆ ಎತ್ತಿದರು. ಮೈಕಣ್ಣ ಅವರ ಕಣ್ಣನ್ನೇ ನೋಡುತ್ತಿದ್ದ. ಹೊದಿಕೆಯ ಮೇಲೆ ಹೆಬ್ಬೆರಳುಗಳು ಆಡಿದವು. "ನೋವು. ಇದೆ. ತಡ್ಕೋತೀನಿ. ಮನೆಗೆ. ಎಷ್ಟೊತ್ತಿಗೆ?"

ಆಕೆ ಚಾರ್ಟನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಅಷ್ಟು ದಿನದಲ್ಲಿ ಮೊದಲ ಸಲ ಅವನ ಎದುರು ಕೂತರು. "ಇನ್ನು ನಾಲ್ಕು ದಿನಕ್ಕೆ," ಅಂತ ಅವನಿಗೇ ಹೇಳಿದರು.

ಮನೆಗೆ ಬಂದ ದಿನ ಅಮ್ಮ ಮಗನ ಕತ್ತಿನ ಪಟ್ಟಿಯನ್ನು ನೋಡಿದಳು, ಮುಟ್ಟಲಿಲ್ಲ. ಅವನು ಯಂತ್ರವನ್ನು ಅವಳ ಕಿವಿಯ ಹತ್ತಿರ ಹಿಡಿದು ಒತ್ತಿದ. "ಅಮ್ಮಾ."

ಮುದುಕಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಯಂತ್ರದ ಸ್ಪೀಕರು ಅಷ್ಟೇ ಅಷ್ಟು, ಅವಳ ಕಿವಿಗೆ ಮುಟ್ಟಲಿಲ್ಲ. ಬೀಗದಕ್ಕ ಓಡಿಹೋಗಿ ಹಳೇ ರೇಡಿಯೋದ ಹೆಡ್‌ಫೋನು ತಂದು, ಅದರ ತುದಿಯನ್ನು ಯಂತ್ರಕ್ಕೆ ಚುಚ್ಚಿ, ಅತ್ತೆಯ ನೆರೆಗೂದಲು ಸರಿಸಿ ಕಿವಿಗಿಟ್ಟಳು. ಸದ್ದನ್ನು ಪೂರ್ತಿ ಏರಿಸಿದಳು. ಅವನು ಮತ್ತೆ ಒತ್ತಿದ.

"ಏನೋ?" ಅಂದಳು ಅಮ್ಮ ಗಟ್ಟಿಯಾಗಿ. "ಗಂಟಲು ಕಟ್ಟಿದ್ಯೇನೋ ನಿಂಗೆ? ಬಿಸಿನೀರು ಕುಡಿ ಅಂದ್ರೆ ಕೇಳಲ್ಲ."

ಅವನು "ಹೌದು" ಅಂದ. ಆಮೇಲೆ "ಊಟ ಆಯ್ತಾ?" ಅಂದ. ಅಮ್ಮ ಆ ದಿನದ ಊಟದ್ದು, ಹಿಂದಿನ ಹತ್ತು ದಿನದ್ದು, ಸೊಸೆ ಮಾಡಿದ್ದು, ಮಾಡದೇ ಬಿಟ್ಟದ್ದು ಎಲ್ಲ ಹೇಳಿದಳು. ಅವನು ಅವಳ ಮುಖ ನೋಡುತ್ತಾ ನಡುನಡುವೆ ಹೆಬ್ಬೆರಳು ಆಡಿಸುತ್ತಾ ಕೂತ.

ಎಲ್ಲವೂ ಸಲೀಸಾಯಿತು ಅನ್ನುವ ಹಾಗಿಲ್ಲ. ಕೆಲವು ಮಾತು ಇಲ್ಲವೇ ಇಲ್ಲ. 'ನಿಧಾನ' ಅನ್ನುವುದನ್ನು ಹಾಕಲು ಮರೆತಿದ್ದರು. ರಸ್ತೆ ದಾಟುವಾಗ ಅಮ್ಮನ ತೋಳು ಹಿಡಿದು ಜಗ್ಗಬೇಕಾಗುತ್ತಿತ್ತು. ಎದುರುಮನೆಗೆ ಹೊಸ ಮಗು ಬಂದಾಗ ಅದರ ಹೆಸರು ಅವನ ದನಿಯಲ್ಲಿ ಇರಲಿಲ್ಲ, ಇನ್ನೆಂದೂ ಇರುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಅವನು ಚೀಟಿಯಲ್ಲಿ ಬರೆದು ಕೊಟ್ಟು ಬಂದು ಒಂದಷ್ಟು ಹೊತ್ತು ಒಬ್ಬನೇ ಕೂರುತ್ತಿದ್ದ. ಇನ್ನು 'ನೋಡೋಣ' ಇಲ್ಲದ್ದರಿಂದ ಹೆಂಡತಿ ಕೇಳಿದ್ದಕ್ಕೆಲ್ಲ ಹೌದು ಅಥವಾ ಇಲ್ಲ ಅನ್ನಲೇಬೇಕಾಗಿ ಬಂತು. ಎರಡು ತಿಂಗಳಲ್ಲಿ ಮನೆಗೆ ಬಣ್ಣ ಬಿತ್ತು.

ಐದನೇ ತಿಂಗಳಲ್ಲಿ ಡಾಕ್ಟರಮ್ಮ ಫೋನು ಮಾಡಿ, ಒಬ್ಬರನ್ನು ಕಳಿಸಲಾ ಅಂತ ಬೀಗದಕ್ಕನನ್ನು ಕೇಳಿದರು. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದವಳು ಶಾಲೆಯಲ್ಲಿ ಆಟ ಕಲಿಸುವ ಟೀಚರು. ಬಿಸಿಲಿಗೆ ಕಂದಿದ ಮುಖ, ಕೊರಳಲ್ಲಿ ಇನ್ನೂ ಸೀಟಿ. ಅವಳಿಗೂ ಅದೇ ಗಡ್ಡೆ, ಅದೇ ಕತ್ತರಿ. ಒಂಬತ್ತೇ ದಿನ ಬಾಕಿ.

"ನಂಗೆ ಕಂಪ್ಯೂಟರು ಏನೂ ಬರಲ್ಲ ಸಾರ್," ಅಂದಳು. "ಒಂಬತ್ತು ದಿನದಲ್ಲಿ ಆಗುತ್ತಾ?"

"ಹೌದು," ಅಂದ ಮೈಕಣ್ಣ.

ಫೋನು ಬಂದ ದಿನವೇ ಹಳೇ ಸಾಮಾನಿನ ಬೀದಿಯನ್ನೆಲ್ಲ ಜಾಲಾಡಿ ಅವಳಿಗಾಗಿ ಯಂತ್ರವೊಂದನ್ನು ತಂದಿದ್ದ. ಅದಕ್ಕೆ ಆಲ್ಬಂನ ಕಿಟಕಿಯೂ ತೆರೆದಾಗಿತ್ತು. ಪ್ರೋಗ್ರಾಂ ಸಿದ್ಧವಿತ್ತು. ಇಲ್ಲದ್ದು ಮಾತು ಮಾತ್ರ, ಅದನ್ನು ಅವಳೇ ತರಬೇಕು. ಮೈಕಣ್ಣ ಒಂದು ಹಾಳೆಯನ್ನು ಅವಳ ಮುಂದಿಟ್ಟ. ಒಂದರಿಂದ ನೂರಾ ತೊಂಬತ್ತೆರಡರವರೆಗೆ ಬರೀ ಅಂಕಿಗಳು, ಎದುರಿಗೆ ಖಾಲಿ ಗೀಟುಗಳು. ಅವಳು ಬಹಳ ಹೊತ್ತು ಪೆನ್ನಿನ ತುದಿ ಕಚ್ಚುತ್ತಾ ಕೂತಳು. ಆಮೇಲೆ ತಟ್ಟನೆ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತು, ನೂರು ಮಕ್ಕಳು ಎದುರಿಗಿರುವ ಹಾಗೆ ಒಂದೇ ಉಸಿರಿನಲ್ಲಿ ಕೂಗಿದಳು:

"ಓಡು! ನಿಲ್ಲಬೇಡ, ಓಡು!"

ಲ್ಯಾಪ್‌ಟಾಪಿನಲ್ಲಿ ಸದ್ದು ಅಳೆಯಲು ತೆರೆದಿಟ್ಟಿದ್ದ ಪಟ್ಟಿ ಕೆಂಪಿನ ತುದಿಗೆ ಹೋಗಿ ಬಡಿಯಿತು. ಮೈಕಣ್ಣ ಕೈಯೆತ್ತಿ, ಗಂಟಲಿಗೆ ನೋವಾಗದಷ್ಟು ಮೆಲ್ಲಗೆ ಅಂತ ಸನ್ನೆ ಮಾಡಿ, ಹಾಳೆಯ ಮೊದಲ ಗೀಟಿನ ಮೇಲೆ ಆ ಮಾತನ್ನು ಬರೆದುಕೊಂಡ.